ಎಷ್ಟು ಓಡಿದೆ ಎಂಬ ದಡ್ಡ ಪ್ರಶ್ನೆ

ಚಳ್ಳಕೆರೆ ಸೀಮೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಎದ್ದರೆ ಸಾಕು, ನನ್ನಿವಾಳದ ಟೀ ಅಂಗಡಿಯಿರಲಿ, ಮೊಳಕಾಲ್ಮೂರಿನ ಮದುವೆ ಮನೆಯಿರಲಿ, ಮೊದಲ ಪ್ರಶ್ನೆ ಒಂದೇ: ‘ಎಷ್ಟು ಓಡಿದೆ?’ ಮೂವತ್ತು ಸಾವಿರ ಎಂದರೆ ‘ಹೊಸಾ ಗಾಡಿನೇ ಬಿಡಪ್ಪ’ ಎಂಬ ಸರ್ಟಿಫಿಕೇಟು. ಲಕ್ಷ ಎಂದರೆ ‘ಎಲ್ಲಾ ಹಿಂಡಿ ಕೊಟ್ಟವ್ರೆ’ ಎಂಬ ತೀರ್ಪು. ಅಷ್ಟು ಹೊತ್ತಿಗೆ ಕಾರನ್ನು ಯಾರೂ ಕಣ್ಣಲ್ಲಿ ಕಂಡಿರುವುದಿಲ್ಲ. ಡ್ಯಾಶ್‌ಬೋರ್ಡಿನ ಐದಾರು ಅಂಕಿಯೇ ಜಾತಕ, ಅದನ್ನು ಓದಿದವನೇ ಜೋಯಿಸ.

ಆಲ್ಟೊ, ವ್ಯಾಗನ್ ಆರ್ ಕೊಳ್ಳುವವನು ಹೀಗೆ ಕೇಳಿದರೆ ದೊಡ್ಡ ನಷ್ಟವೇನಿಲ್ಲ. ಆ ಗಾಡಿಗಳು ಎಷ್ಟೋ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ, ಬಿಡಿಭಾಗ ಚಳ್ಳಕೆರೆಯಲ್ಲೇ ಸಿಗುತ್ತದೆ. ನಾನು ಹೇಳುತ್ತಿರುವುದು ಈಚೆಗೆ ನಮ್ಮ ಹುಡುಗರ ಕಣ್ಣು ಬಿದ್ದಿರುವ ‘ಪಿಕಪ್ ಗಾಡಿ’ಗಳ ವಿಷಯ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ, 2015ರ ಅಬಾರ್ತ್ ಪುಂಟೊ, 2017ರ ಆಕ್ಟೇವಿಯಾ ಆರ್‌ಎಸ್, ಅದರಾಚೆಗೆ ಹತ್ತು ವರ್ಷ ಹಳೆಯ ಬಿಎಂಡಬ್ಲ್ಯು, ಆಡಿಗಳು. ಹೊಸದರ ಬೆಲೆಯ ಅರ್ಧಕ್ಕೂ ಕಡಿಮೆಗೆ ಬೆಂಗಳೂರಿನಲ್ಲಿ ನಿಂತಿರುತ್ತವೆ. ಹಿರಿಯೂರು ದಾಟಿ ಹೆದ್ದಾರಿ ಹಿಡಿದರೆ ಓಡಿಸುವುದಕ್ಕೆ ರಸ್ತೆಯೂ ಇದೆ. ಹಳ್ಳಿಯವನಿಗೆ ಇಂಥ ಗಾಡಿ ಯಾಕೆ ಎಂದು ಬುದ್ಧಿ ಹೇಳುವವರು ಬೇರೆ ಇದ್ದಾರೆ, ಆ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಶೇಂಗಾ ಬೆಳೆದು ದುಡ್ಡು ಮಾಡಿದವನು ಇನ್ನೂರು ಕುದುರೆಶಕ್ತಿಯ ಕಾರು ಇಟ್ಟುಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಮೀಟರ್ ನೋಡಿ ಕೊಂಡರೆ ಮಾತ್ರ ಅವನ ಗಂಟು ಹೋಗುತ್ತದೆ.

ಕಿಲೋಮೀಟರ್ ಕಡಿಮೆಯಾದಷ್ಟೂ ಸವೆತ ಕಡಿಮೆ ಎಂಬುದು ಈ ನಂಬಿಕೆಯ ಬೇರು. ಉಳಿದೆಲ್ಲವೂ ಸಮನಾಗಿದ್ದರೆ ಅದು ನಿಜ. ಉಳಿದದ್ದು ಎಂದೂ ಸಮನಾಗಿರುವುದಿಲ್ಲ. ಇಂಜಿನ್ನಿಗೆ ತಾನು ಎಷ್ಟು ದೂರ ಹೋದೆ ಎಂಬುದು ಗೊತ್ತಿಲ್ಲ. ಎಷ್ಟು ಹೊತ್ತು ತಿರುಗಿದೆ, ಎಷ್ಟು ಸಲ ತಣ್ಣಗಿದ್ದಾಗ ಎಬ್ಬಿಸಿದರು, ಎಷ್ಟು ಹಳೆಯ ಆಯಿಲ್ ಕುಡಿದೆ, ಇಷ್ಟೇ ಗೊತ್ತು. ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಆ ಊರಿನಲ್ಲೇ 40,000 ಕಿ.ಮೀ. ಓಡಿದ ಕಾರಿನ ಇಂಜಿನ್ 2,000 ಗಂಟೆ ತಿರುಗಿರುತ್ತದೆ. ಚಳ್ಳಕೆರೆ–ಬೆಂಗಳೂರು ನಡುವೆ ಗಂಟೆಗೆ 60ರ ಸರಾಸರಿಯಲ್ಲಿ ಲಕ್ಷ ಕಿ.ಮೀ. ಓಡಿದ ಕಾರಿನದು 1,700 ಗಂಟೆಗೂ ಒಳಗೆ. ಈಗ ಹೇಳಿ, ಹಿಂಡಿಸಿಕೊಂಡದ್ದು ಯಾವುದು? ಮೊದಲನೆಯದರ ಕ್ಲಚ್ಚು ಸಿಲ್ಕ್ ಬೋರ್ಡಿನಲ್ಲಿ ಅಂಗುಲ ಅಂಗುಲ ತೆವಳಿದೆ, ಎರಡನೆಯದು ಸಿರಾ ದಾಟಿದ ಮೇಲೆ ಟಾಪ್ ಗೇರಿನಲ್ಲಿ ನೆಮ್ಮದಿಯಾಗಿ ಕೂತಿತ್ತು. ಈ ಗಂಟೆಗಳ ಲೆಕ್ಕ ಅನೇಕ ಕಾರುಗಳ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಸ್ಕ್ಯಾನರ್ ಹಾಕಿ ಓದಿಸಿ ಎಂದು ಕೇಳುವವರನ್ನು ಮಾತ್ರ ನಾನು ಈ ಸೀಮೆಯಲ್ಲಿ ಕಂಡಿಲ್ಲ.

ಕ್ಲಚ್ಚಿನ ಮಾತು ಬಂದಿತಲ್ಲ, ಹಳೆಯ ಪೋಲೊ ಜಿಟಿ ಟಿಎಸ್‌ಐಯಲ್ಲಿ ಇರುವುದು ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ. ಎರಡು ಕ್ಲಚ್ಚು, ಅವನ್ನು ಆಡಿಸುವುದಕ್ಕೆ ಮೆಕಾಟ್ರಾನಿಕ್ ಎಂಬ ಒಂದು ಎಲೆಕ್ಟ್ರಾನಿಕ್–ಹೈಡ್ರಾಲಿಕ್ ಪೆಟ್ಟಿಗೆ. ಈ ಗೇರ್‌ಬಾಕ್ಸಿಗೆ ಬಿಸಿ, ನಿಂತು ಹೋಗುವ ಟ್ರಾಫಿಕ್ಕು ಆಗಿಬರುವುದಿಲ್ಲ ಎಂಬುದು ಪ್ರಪಂಚಕ್ಕೆಲ್ಲ ಗೊತ್ತಿರುವ ಸಂಗತಿ. 2013ರಲ್ಲಿ ಫೋಕ್ಸ್‌ವ್ಯಾಗನ್ ಹಲವು ದೇಶಗಳಲ್ಲಿ ಇದೇ ಗೇರ್‌ಬಾಕ್ಸಿಗಾಗಿ ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸಿತ್ತು. ಪೆಟ್ಟಿಗೆ ಕೆಟ್ಟರೆ ಬರುವ ಬಿಲ್ಲು ಲಕ್ಷದ ಮಾತು. ಟ್ರಾಫಿಕ್ಕಿನಲ್ಲೇ ಬೆಂದ 35,000 ಕಿ.ಮೀ. ಗಾಡಿಯಲ್ಲಿ ಅದು ನಾಳೆಯೇ ಕೈಕೊಡಬಹುದು. 90,000ದಲ್ಲಿ ಆಗಲೇ ಬದಲಾಯಿಸಿ ಬಿಲ್ಲು ಇಟ್ಟುಕೊಂಡವನ ಗಾಡಿಯಲ್ಲಿ ಆ ಭಯ ಬಹುಪಾಲು ಕಳೆದಿದೆ. ನಮ್ಮವರು ಮೊದಲನೆಯದಕ್ಕೆ ಒಂದು ಲಕ್ಷ ಹೆಚ್ಚು ಕೊಟ್ಟು ತರುತ್ತಾರೆ. ಆಕ್ಟೇವಿಯಾ ಆರ್‌ಎಸ್‌ನದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚು, ಗಟ್ಟಿಮುಟ್ಟು. ಆದರೆ ಅದರ ಗೇರ್ ಆಯಿಲನ್ನು 60,000 ಕಿ.ಮೀ.ಗೊಮ್ಮೆ ಬದಲಿಸಬೇಕು. ‘58,000 ಓಡಿದೆ, ಏನೂ ಖರ್ಚು ಬಂದಿಲ್ಲ ಸಾರ್’ ಎಂದು ಮಾರುವವನು ಹಲ್ಲು ಕಿಸಿದರೆ, ಖರ್ಚು ಬರುವ ಮುಂಚೆ ಕೈ ತೊಳೆದುಕೊಳ್ಳುತ್ತಿದ್ದಾನೆ ಎಂದು ತಿಳಿಯಿರಿ.

ಕಡಿಮೆ ಓಡಿದ ಗಾಡಿಗೆ ಅದರದೇ ರೋಗಗಳಿವೆ. ಟರ್ಬೊ ಇಂಜಿನ್ನಿನ ಆಯಿಲ್ ಬದಲಿಸಲು ಕಂಪನಿ ಕೊಡುವ ಗಡುವು 15,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ ನಾಲ್ಕು ಸಾವಿರ ಓಡಿಸುವವನು ‘ಹದಿನೈದು ಆಗಲಿ ನೋಡೋಣ’ ಎಂದು ಮೂರು ವರ್ಷ ಅದೇ ಆಯಿಲಿನಲ್ಲಿ ಓಡಿಸಿರುತ್ತಾನೆ. ಮನೆಯಿಂದ ಜಿಮ್ಮಿಗೆ, ಜಿಮ್ಮಿನಿಂದ ಮನೆಗೆ ಓಡಾಡುವ ಕಾರಿನ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಉರಿಯದ ಪೆಟ್ರೋಲು, ನೀರಿನ ತೇವ ಅದರೊಳಗೇ ಉಳಿಯುತ್ತವೆ. ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುವ ಟರ್ಬೊದ ಬೇರಿಂಗು ತೇಲುವುದು ಇದೇ ಆಯಿಲಿನ ಮೇಲೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು, ಕಾರು ನಿಂತೇ ಇದ್ದರೂ. ರಬ್ಬರಿನ ಬುಷ್ಷು, ಸೀಲು, ಹೋಸು ನಿಂತಲ್ಲೇ ಒಣಗಿ ಬಿರಿಯುತ್ತವೆ. 2023ರಿಂದ ಬಂಕುಗಳಿಗೆ ಬಂದಿರುವ ಶೇ 20 ಎಥೆನಾಲ್ ಪೆಟ್ರೋಲನ್ನು ಲೆಕ್ಕದಲ್ಲಿಟ್ಟುಕೊಂಡು ಮಾಡಿದ ಹೋಸುಗಳು ಹಳೆಯ ಕಾರುಗಳಲ್ಲಿ ಇರುವುದಿಲ್ಲ, ಅದನ್ನೂ ಸೇರಿಸಿಕೊಳ್ಳಿ. ಇನ್ನು ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರು ಕಡಿಯುವ ಇಲಿಗಳು. ದಿನಾ ಓಡುವ ಗಾಡಿಯಲ್ಲಿ ಇಲಿ ಬಾಣಂತನ ಮಾಡುವುದಿಲ್ಲ.

ಟೈರೊಂದನ್ನೇ ನೋಡಿದರೂ ಮೀಟರಿನ ಬಣ್ಣ ಬಯಲಾಗುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ, ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ, ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರ ತಯಾರಾದದ್ದು. ನಾಲ್ಕೂ ಟೈರು ಬಗ್ಗಿ ಓದಿ; ಒಂದರಲ್ಲಿ ಆ ಅಂಕಿ ಒಳಮೈಗೆ ಬಿದ್ದಿದ್ದರೆ ಮೊಬೈಲಿನ ಟಾರ್ಚು ಹಿಡಿದು ಗಾಡಿಯ ಕೆಳಗೆ ಮಲಗಿ. 2017ರ ಕಾರು, 28,000 ಕಿ.ಮೀ. ಎಂದು ಮೀಟರು ಹೇಳುತ್ತಿದೆ, ಟೈರು ನಾಲ್ಕೂ 2022ರವು. ಮೊದಲ ಜೊತೆ ಎಲ್ಲಿ ಹೋಯಿತು? ಒಂದೋ ಅವು ಸವೆಯುವಷ್ಟು ಗಾಡಿ ಓಡಿದೆ, ಮೀಟರು ಸುಳ್ಳು. ಇಲ್ಲವೇ ಟ್ರ್ಯಾಕಿನಲ್ಲೋ ರಾತ್ರಿಯ ಖಾಲಿ ರಸ್ತೆಯಲ್ಲೋ ಉರಿಸಿದ್ದಾರೆ, ಮೀಟರು ನಿಜ, ಗಾಡಿ ಸುಸ್ತು. ಇಲ್ಲವೇ ನಿಂತು ನಿಂತು ಒಡೆದಿವೆ. ಪಂಕ್ಚರು ಕತೆ ನಾಲ್ಕಕ್ಕೂ ಒಟ್ಟಿಗೆ ಹೊಂದುವುದಿಲ್ಲ. ಮೂರರಲ್ಲಿ ಯಾವ ಉತ್ತರ ಬಂದರೂ ‘ಹೊಸಾ ಗಾಡಿನೇ’ ಎಂಬ ಸರ್ಟಿಫಿಕೇಟು ಹರಿಯಿತು.

ನಾವು ಬ್ರೋಕರನ್ನು ಬೈಯುತ್ತೇವೆ, ಮೀಟರ್ ತಿರುಗಿಸುತ್ತಾನೆ ಎಂದು. ಅವನು ಯಾಕೆ ತಿರುಗಿಸುತ್ತಾನೆ? ನಾವು ಅದೊಂದನ್ನೇ ಕೇಳುತ್ತೇವೆ ಎಂದು. ಒಂದು ಲ್ಯಾಪ್‌ಟಾಪು, ಒಂದು ಕೇಬಲ್ಲು; ತೊಂಬತ್ತು ಸಾವಿರ ಇದ್ದದ್ದು ಮೂವತ್ತೆಂಟಕ್ಕೆ ಇಳಿಯುತ್ತದೆ, ಬೆಲೆ ಲಕ್ಷ ಏರುತ್ತದೆ. ಆಯಿಲ್ ಬದಲಿಸಿದ ಬಿಲ್ಲಿಗೆ ನಾವು ನೂರು ರೂಪಾಯಿ ಹೆಚ್ಚು ಕೊಡುವುದಿಲ್ಲ, ಸುಳ್ಳು ಅಂಕಿಗೆ ಲಕ್ಷ ಸುರಿಯುತ್ತೇವೆ. ಹಾಗಿದ್ದ ಮೇಲೆ ಅವನು ಆಯಿಲ್ ಬದಲಿಸುತ್ತಾನೋ, ಅಂಕಿ ಬದಲಿಸುತ್ತಾನೋ? ಅನೇಕ ಯುರೋಪಿಯನ್ ಕಾರುಗಳಲ್ಲಿ ಓಡಿದ ದೂರ ಮೀಟರಿನಲ್ಲಷ್ಟೇ ಅಲ್ಲ, ಗೇರ್‌ಬಾಕ್ಸು ಮೊದಲಾದವುಗಳ ಕಂಟ್ರೋಲರುಗಳಲ್ಲೂ ಕೂತಿರುತ್ತದೆ. ತಿರುಗಿಸುವವನು ಎಲ್ಲ ಕಡೆಯೂ ಅಳಿಸಿರುವುದಿಲ್ಲ. ಇದಕ್ಕೂ ಅದೇ ಸ್ಕ್ಯಾನರು ಬೇಕು. ಚಳ್ಳಕೆರೆಯಲ್ಲಿ ಸಿಗದಿದ್ದರೆ ಬೆಂಗಳೂರಿನಲ್ಲಿ ಆ ಬ್ರ್ಯಾಂಡಿನ ಕೆಲಸ ಬಲ್ಲ ಗ್ಯಾರೇಜಿಗೆ ಕೆಲವು ಸಾವಿರ ಕೊಟ್ಟು ಮಾಡಿಸಿ. ಹತ್ತು ಲಕ್ಷದ ವ್ಯವಹಾರಕ್ಕೆ ಅದೂ ಹೆಚ್ಚಾಯಿತು ಎನ್ನುವವರು, ಊರಿಂದ ಹೊರಡುವಾಗ ಜೊತೆಗೆ ಬಂದ ನಾಲ್ವರ ಊಟ, ತಿಂಡಿ, ಡೀಸೆಲ್ಲಿಗೆ ಎಷ್ಟಾಯಿತು ಎಂದು ಕೂಡಿ ನೋಡಲಿ.

ನನಗೆ ಬೇಜಾರಾಗುವುದು ಇಂಥ ದಡ್ಡತನ ಬೇರೆಲ್ಲೂ ಅಲ್ಲ, ನನ್ನಿವಾಳದ ಕಡೆಯವರಲ್ಲಿ ಕಂಡಾಗ. ಮ್ಯಾಸನಾಯಕರ ಕಟ್ಟೆಮನೆಯ ಊರು, ದೇವರ ಎತ್ತುಗಳನ್ನು ಕಿಲಾರಿಗಳು ತಲೆತಲಾಂತರದಿಂದ ಕಾಯ್ದ ಊರು. ದನದ ಜಾತ್ರೆಯಲ್ಲಿ ಇಲ್ಲಿಯವರು ಜೊತೆ ಹೋರಿ ಕೊಳ್ಳುವುದನ್ನು ನೋಡಿ. ಮಾರುವವನು ‘ಇನ್ನೂ ನಾಕಲ್ಲು’ ಎಂದರೆ ನಂಬಿ ದುಡ್ಡು ಎಣಿಸುತ್ತಾರೆಯೇ? ತಾವೇ ತುಟಿ ಬಿಡಿಸಿ ಹಲ್ಲು ನೋಡುತ್ತಾರೆ. ಅಲ್ಲಿಗೂ ಮುಗಿಯುವುದಿಲ್ಲ. ಸುಳಿ ನೋಡಿ, ಗೊರಸು ಎತ್ತಿ, ಹೆಗಲ ಮೇಲೆ ನೊಗ ಉಜ್ಜಿದ ಗಾಯ ತಡವಿ, ನಡೆಸಿ, ಕೊನೆಗೆ ಗಾಡಿಗೆ ಹೂಡಿ ಏರು ಹತ್ತಿಸಿ, ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿಯುತ್ತಾರೆ. ಅದೇ ಜನ ಕಾರಿನ ಮುಂದೆ ನಿಂತಾಗ ಮಾರುವವನ ಬಾಯಿಮಾತಿನ ಹಲ್ಲಿಗೆ ತಲೆಯಾಡಿಸಿ ಟೋಕನ್ ಕೊಟ್ಟು ಬರುತ್ತಾರೆ.

ಸೆಕೆಂಡ್ ಹ್ಯಾಂಡ್ ವಾಹನವನ್ನು ಹೇಗೆ ನೋಡಬೇಕೆಂಬುದಕ್ಕೆ ದೂರ ಹೋಗಬೇಕಿಲ್ಲ, ಮೇಲುಪಂಕ್ತಿ ಇದೇ ತಾಲೂಕಿನಲ್ಲಿದೆ. ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿನಲ್ಲಿ ಈಗ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ, ಅದರ ರನ್‌ವೇ. (ಮೇವಿನ ನೆಲ ಹೋದ ಸಿಟ್ಟು ಇಲ್ಲಿಯವರಿಗೆ ಇನ್ನೂ ಆರಿಲ್ಲ, ಅದು ಬೇರೆಯೇ ಲೇಖನ.) 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೈಬಿಟ್ಟಿತು; ಅದು ತಾನೇ ದಾರಿ ಹುಡುಕಿಕೊಂಡು ಗಂಟೆಗೆ ಸುಮಾರು 350 ಕಿ.ಮೀ. ವೇಗದಲ್ಲಿ ಬಂದು ಇಳಿಯಿತು. ಮರುವರ್ಷ ಮಾರ್ಚ್ 22ರಂದು ‘ಪುಷ್ಪಕ್’ ಎಂಬ ಹೆಸರಿನಲ್ಲಿ ಹಾರಿಸಿದ್ದು ಬೇರೆಯದಲ್ಲ, ಅದೇ ಮೈ, ಅವೇ ಉಪಕರಣ. ಜೂನ್ 23ರಂದು ಮೂರನೇ ಸಲವೂ ಮರುಬಳಕೆಯೇ. ಅಂದರೆ ನಮ್ಮ ಪಕ್ಕದಲ್ಲಿ ನಿಂತಿದ್ದು ಶುದ್ಧ ಸೆಕೆಂಡ್ ಹ್ಯಾಂಡ್ ಹೈ ಪರ್ಫಾರ್ಮೆನ್ಸ್ ಗಾಡಿ.

ಮೊದಲ ಸಲ ಅದು ಸ್ವಂತ ರೆಕ್ಕೆಯಲ್ಲಿ ಹಾರಿದ ದೂರ ಕೆಲವೇ ಕಿಲೋಮೀಟರು. ನಮ್ಮ ಟೀ ಅಂಗಡಿಯ ಲೆಕ್ಕದಲ್ಲಿ ‘ಶೋರೂಂ ಪೀಸು’. ಇಸ್ರೋದವರು ಹಾಗೆಂದು ಒರೆಸಿ ಮತ್ತೆ ಹಾರಿಸಲಿಲ್ಲ. ಮೊದಲ ಇಳಿತದಲ್ಲಿ ಕಂಡದ್ದನ್ನು ಮುಂದಿಟ್ಟುಕೊಂಡು ಮೈಕಟ್ಟನ್ನೂ ಲ್ಯಾಂಡಿಂಗ್ ಗೇರನ್ನೂ ಇನ್ನೂ ಹೆಚ್ಚಿನ ಹೊರೆ ತಡೆಯುವಂತೆ ಬಲಪಡಿಸಿದರು. ಮರುಬಳಕೆಯ ಉಪಕರಣಗಳಿಗೆ ತಪಾಸಣೆ ಮಾಡಿ ಅನುಮತಿ ಕೊಟ್ಟ ಮೇಲೆಯೇ ಎರಡನೇ ಹಾರಾಟ. ಅವರು ನೋಡಿದ್ದು ನೆಲಕ್ಕೆ ತಾಗಿದಾಗ ಬಿದ್ದ ಪೆಟ್ಟನ್ನು. ದೂರದ ಅಂಕಿಯಿಂದ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಜೋರು ಗಾಡಿಯ ಆಯುಷ್ಯ ಕಳೆಯುವುದು ಪೆಟ್ಟಿನಲ್ಲಿ, ಬಿಸಿಯಲ್ಲಿ. ನೂರೈವತ್ತರಿಂದ ಒಮ್ಮೆಗೆ ಬ್ರೇಕು ಒತ್ತಿದ್ದು, ತಣ್ಣನೆ ಇಂಜಿನ್ನನ್ನು ರೆಡ್‌ಲೈನಿಗೆ ಎಬ್ಬಿಸಿದ್ದು, ಸುಡುವ ಟರ್ಬೊವನ್ನು ಒಂದು ನಿಮಿಷ ಬಿಡದೆ ಕೀಲಿ ತಿರುಗಿಸಿ ಆರಿಸಿದ್ದು. ಇವಕ್ಕೆಲ್ಲ ಮೀಟರಿನಲ್ಲಿ ಜಾಗವಿಲ್ಲ.

ಜಾಗ ಎಲ್ಲಿದೆ ಎಂದರೆ ಕಾರಿನ ಮೈಯಲ್ಲಿ. ಬ್ರೇಕ್ ಡಿಸ್ಕಿನ ಅಂಚಿಗೆ ಉಗುರು ಇಡಿ. ದಡ ಏರಿದಂತೆ ಅಂಚು ಎದ್ದಿದ್ದರೆ ಎಷ್ಟು ಸವೆದಿದೆ ಎಂದು ಗೊತ್ತಾಗುತ್ತದೆ. ಇಷ್ಟಕ್ಕಿಂತ ತೆಳುವಾದರೆ ಬಿಸಾಡಿ ಎಂಬ ಅಳತೆಯನ್ನು ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಮುಂಜಾನೆ, ಹೇಳಿದ ಹೊತ್ತಿಗಿಂತ ಮುಂಚೆಯೇ ಹೋಗಿ ಬಾನೆಟ್ಟು ಮುಟ್ಟಿ. ಬೆಚ್ಚಗಿದ್ದರೆ ನಿಮಗಾಗಿ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ತಣ್ಣಗಿದ್ದಾಗ ಅದು ಏನೋ ಕೂಗುತ್ತದೆ ಎಂದರ್ಥ. ಟಿಫಿನ್ನಿಗೆ ಹೋಗಿ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬನ್ನಿ. ತಣ್ಣಗಿದ್ದಾಗ ಎಬ್ಬಿಸಿದ ಮೊದಲ ಕ್ಷಣಗಳಲ್ಲಿ ಚೈನು ಗಲಗಲ ಎನ್ನುತ್ತದೆಯೇ ಕೇಳಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದು ಸಿಹಿ ವಾಸನೆ ಹೊಡೆದರೆ ಕೂಲಂಟು ಒಳಗೆ ಹೋಗುತ್ತಿದೆ, ಅಲ್ಲಿಂದ ಎದ್ದು ಬನ್ನಿ. ಮ್ಯಾನುಯಲ್ ಗೇರಿನ ಗಾಡಿಯಾದರೆ ನಾಲ್ಕನೇ ಗೇರಿನಲ್ಲಿ ಐವತ್ತರ ವೇಗದಿಂದ ಪೂರ್ತಿ ತುಳಿಯಿರಿ. ಆರ್‌ಪಿಎಂ ಮುಳ್ಳು ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ಚು ಮುಗಿದಿದೆ. ಅಬಾರ್ತ್ ಪುಂಟೊ ಕೊಳ್ಳುವವರು ಇದನ್ನೆಲ್ಲ ಎರಡು ಸಲ ಮಾಡಬೇಕು, ಏಕೆಂದರೆ ಫಿಯಟ್ ಇಲ್ಲಿ ಕಾರು ಮಾರುವುದನ್ನೇ ಬಿಟ್ಟಿದೆ.

ರೀಮ್ಯಾಪ್ ಎಂಬುದೊಂದಿದೆ. ಇಂಜಿನ್ನಿನ ಕಂಪ್ಯೂಟರಿಗೆ ಬೇರೆ ಲೆಕ್ಕ ತುಂಬಿ ಟರ್ಬೊದಿಂದ ಹೆಚ್ಚು ಒತ್ತಡ ತೆಗೆಯುವುದು. ಒಳ್ಳೆಯವರ ಕೈಯಲ್ಲಿ ಆದರೆ ತಪ್ಪೇನಲ್ಲ. ಮಾರುವ ಮುಂಚೆ ಹಳೆಯ ಲೆಕ್ಕಕ್ಕೆ ವಾಪಸ್ ತಂದು ‘ಸ್ಟಾಕ್ ಗಾಡಿ ಅಣ್ಣ’ ಎನ್ನುವುದು ತಪ್ಪು. ಸಾಫ್ಟ್‌ವೇರ್ ವಾಪಸ್ ಹೋದರೂ ಗುರುತು ಉಳಿಯುತ್ತದೆ: ಹೊರಗಿನ ಕಂಪನಿಯ ಏರ್ ಫಿಲ್ಟರಿನ ಕ್ಲಿಪ್ಪು, ಬಿಚ್ಚಿ ಹಾಕಿದ ಸೈಲೆನ್ಸರ್ ಬೋಲ್ಟಿನ ಹೊಸ ಗೀರು, ಮೀಟರಿಗೆ ಹೊಂದದಷ್ಟು ಸವೆದ ಕ್ಲಚ್ಚು.

ನೀರಿಗೆ ಬಿದ್ದ ಗಾಡಿಯ ವಿಷಯದಲ್ಲಂತೂ ಮೀಟರು ಶತ್ರುವೇ ಸರಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ನೀರಲ್ಲಿ ನಿಂತ ಚಿತ್ರ ಎಲ್ಲರೂ ನೋಡಿದ್ದೇವೆ. ಹಾಗೆ ಮುಳುಗಿದ ಕಾರಿನ ಮೀಟರು ಎಂಟು ಸಾವಿರ ತೋರಿಸಬಹುದು, ಅದು ನೂರಕ್ಕೆ ನೂರು ಸತ್ಯವೂ ಇರಬಹುದು. ನಮ್ಮದು ಮಳೆಯೇ ಕಾಣದ ಸೀಮೆ. ಕೆಸರಿನ ಗುರುತು ಹುಡುಕುವ ಕಣ್ಣು ನಮಗಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯ ಮೊಳದವರೆಗೆ ಎಳೆಯಿರಿ. ಹೊರಗಿನ ಭಾಗ ಉಜ್ಜಿ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಂದು ಗೆರೆ ಅಡ್ಡಕ್ಕೆ ಎಳೆದಂತೆ ಉಳಿದಿರುತ್ತದೆ. ಮೂಗಿಗೆ ಹಿಡಿಯಿರಿ. ಸೀಟಿನ ಕೆಳಗಿನ ಹಳಿಯ ಬೋಲ್ಟು, ಸ್ಟೆಪ್ನಿ ಗುಂಡಿ, ಕಾರ್ಪೆಟ್ಟಿನಡಿಯ ವೈರುಗಳ ಕೂಡುಗಳು. ತುಕ್ಕು, ಹಸಿರು ಪಾಚಿಯ ಬಣ್ಣ ಎಲ್ಲಿದೆ ನೋಡಿ.

‘ಸಿಂಗಲ್ ಓನರ್, ಡಾಕ್ಟ್ರು ಇಟ್ಕೊಂಡಿದ್ದು’ ಎಂಬ ಮಂತ್ರವೂ ಮೀಟರಿನ ತಮ್ಮನೇ. ಬ್ರೋಕರುಗಳ ಲೆಕ್ಕ ನಂಬಿದರೆ ಈ ರಾಜ್ಯದ ಡಾಕ್ಟರುಗಳು ರೋಗಿ ನೋಡುವುದಕ್ಕಿಂತ ಹೆಚ್ಚು ಕಾರು ಮಾರುತ್ತಿರಬೇಕು. ಒಬ್ಬನೇ ಓನರ್ ಏಳು ವರ್ಷ ಕೆಡಿಸಬಲ್ಲ. ಮೂರನೇ ಓನರ್ ಗಾಡಿ ಹುಚ್ಚನಾಗಿದ್ದರೆ ಹಿಂದಿನ ಇಬ್ಬರ ಪಾಪವನ್ನೂ ತೊಳೆದಿರುತ್ತಾನೆ. ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ದಾಖಲೆ ತೆಗೆಸಿ, ತಾರೀಖುಗಳ ನಡುವಿನ ಅಂತರ ಓದಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಐದು ವರ್ಷ ಒಬ್ಬನೇ ಇಟ್ಟುಕೊಂಡ ಗಾಡಿಗೆ ಅದು ಸೊನ್ನೆ ಎಂದಿದ್ದರೆ, ‘ಯಾವಾಗ ಕ್ಲೇಮ್ ಮಾಡಿದ್ರಿ, ಏನಾಗಿತ್ತು’ ಎಂದು ಕೇಳಿ. ಟಿಂಕರಿಂಗ್ ಆಗಿದ್ದು ಬಂಪರಿಗೋ ಚಾಸಿಗೋ ಎಂಬುದು ಅಲ್ಲಿ ಗೊತ್ತಾಗಬೇಕು.

ಕಾಗದದ ಮಾತು ಚುಟುಕಾಗಿ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಫಾರಂ 35. ವರ್ಗಾವಣೆಗೆ ಫಾರಂ 29, 30. ಹೊರರಾಜ್ಯದ್ದಾದರೆ ಫಾರಂ 28, ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸು. ದೆಹಲಿಯಿಂದ ಅಗ್ಗಕ್ಕೆ ಬಂದ ಆಡಿ ಕೆಎ-16 ಆಗುವ ಹೊತ್ತಿಗೆ ಅಷ್ಟೇನೂ ಅಗ್ಗ ಉಳಿದಿರುವುದಿಲ್ಲ. ಆರ್‌ಸಿ ಹೆಸರು ಬದಲಾಗದೆ ಓಡಿಸುವ ಚಾಳಿ ನಮ್ಮಲ್ಲಿ ಜಾಸ್ತಿ. ಮಾರಿದವನಿಗೂ ಅದರಲ್ಲಿ ಕುತ್ತಿದೆ. ನವೀನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಅಪಘಾತವಾದಾಗ ದಾಖಲೆಯಲ್ಲಿ ಯಾರ ಹೆಸರಿದೆಯೋ ಹೊಣೆ ಅವನದೇ, ಗಾಡಿ ಕೈ ಬದಲಾಗಿದ್ದರೂ.

ಲಕ್ಷ ಓಡಿದ ಗಾಡಿಗೆ ಮುಂದೆ ಬೆಲೆ ಸಿಗುವುದಿಲ್ಲವಲ್ಲ ಎನ್ನುತ್ತಾರೆ. ಸಿಗುವುದಿಲ್ಲ, ಒಪ್ಪಿದೆ. ಕೊಳ್ಳುವಾಗಲೂ ಅದಕ್ಕೇ ಕಡಿಮೆಗೆ ಸಿಕ್ಕಿತ್ತು. ಆ ಉಳಿದ ದುಡ್ಡನ್ನು ಬ್ಯಾಂಕಿನಲ್ಲಿಡಿ, ಮೊದಲ ವರ್ಷದ ರಿಪೇರಿ ಅದರಿಂದ ನಡೆಯಲಿ. ಹಾಗೆಯೇ, ಲಕ್ಷದ ಹತ್ತು ಸಾವಿರ ಓಡಿಸಿದ ಗಾಡಿಯವನು ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟರೆ ಚೌಕಾಸಿಗೆ ಇಳಿಯುವ ಮುಂಚೆ ಅದನ್ನು ಬಿಚ್ಚಿ. ಪ್ರತಿವರ್ಷದ ಆಯಿಲ್ ಬಿಲ್ಲು, 60,000ಕ್ಕೆ ಗೇರ್ ಆಯಿಲ್ಲು, ಬದಲಿಸಿದ ಡಿಸ್ಕು, ಬುಷ್ಷು, ವಾಟರ್ ಪಂಪು ಅದರಲ್ಲಿದ್ದರೆ, ಲಿಫ್ಟಿಗೆ ಏರಿಸೋಣ ಎಂದಾಗ ಅವನು ಕೀಲಿ ಕೈಗೆ ಕೊಟ್ಟರೆ, ಹತ್ತಿಪ್ಪತ್ತು ಸಾವಿರಕ್ಕೆ ಜಗ್ಗಾಡಬೇಡಿ. ಕೇಳಿದಷ್ಟು ಕೊಟ್ಟು ಗಾಡಿ ತನ್ನಿ.